ಇಂಗ್ಲಿಷಿನಲ್ಲಿ ಹೇಳಿದ ಇಷ್ಟಗಳು

ನನಗೆ ಹತ್ತೊಂಬತ್ತು ತುಂಬುವವರೆಗೆ ‘ನಿನಗೇನಿಷ್ಟ’ ಎಂದು ಯಾರೂ ಕೇಳಿರಲಿಲ್ಲ. ಇದನ್ನು ದೂರು ಅಂದುಕೊಳ್ಳಬೇಡಿ. ಹಂಗಳದ ನಮ್ಮ ಮನೆಯಲ್ಲಿ ಯಾರನ್ನೂ ಯಾರೂ ಹಾಗೆ ಕೇಳುತ್ತಿರಲಿಲ್ಲ. ಅವ್ವ ಮುದ್ದೆ ಮಾಡಿದರೆ ಮುದ್ದೆ ತಿನ್ನುತ್ತಿದ್ದೆವು, ಅಷ್ಟೇ. ಮೊದಲ ಸಲ ಕೇಳಿದ್ದು ಗುಂಡ್ಲುಪೇಟೆಯ ಮಿಸ್ಸು, ಅದೂ ಇಂಗ್ಲಿಷಿನಲ್ಲಿ. ಕೇಳಿ, ನನ್ನ ಬಾಯಿ ಬಿಡಿಸಿ, ಬಂದ ಮಾತನ್ನೆಲ್ಲ ತನಗೆ ಬೇಕಾದ ಹಾಗೆ ಬಳಸಿಕೊಂಡಳು. ಆಗಿನ ಸಂಗತಿ ಹೇಳುವಾಗ ‘ಮಿಸ್ ಬಂದರು, ಮಿಸ್ ಹೇಳಿದರು’ ಎಂದು ಮರ್ಯಾದೆಯ ಮಾತೇ ಬಾಯಿಗೆ ಬರುತ್ತದೆ, ಹಾಳಾದ ಅಭ್ಯಾಸ. ಆದರೆ ಅವಳ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದು ನನಗೆ ಬೇಕೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಊಟಿ ರಸ್ತೆಯಲ್ಲಿ ಗುಂಡಿ ಮುಚ್ಚುವ, ಡಾಂಬರು ಹಾಕುವ ಗ್ಯಾಂಗಿನಲ್ಲಿದ್ದ. ಸರ್ಕಾರಿ ಸಂಬಳ ಬರುವ ಕೆಲಸ ಎಂಬುದು ನಮ್ಮ ಕೇರಿಗೆಲ್ಲ ದೊಡ್ಡ ಸಂಗತಿ. ಹುಡುಗಿ ಸುಮ್ಮನೆ ಕೂತಿದ್ದಾಳಲ್ಲ ಎಂದು ಅಪ್ಪನೇ ನನ್ನನ್ನು ಗುಂಡ್ಲುಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ. ಟೈಲರ್ ಅಂಗಡಿಯ ಮಹಡಿ ಮೇಲೆ ಒಂದು ರೂಮು, ಭಾನುವಾರ ಬೆಳಗ್ಗೆ ಎರಡು ಗಂಟೆ ಪಾಠ. ಮಿಸ್ ಚಾಮರಾಜನಗರದವರು, ವಾರವೆಲ್ಲ ಗುಂಡ್ಲುಪೇಟೆಯ ಒಂದು ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದರು. ಹತ್ತಿ ಸೀರೆ, ಕೈಗೆ ವಾಚು, ಮೆಲುಮಾತು. ನಮ್ಮ ಜನವೇ ಎಂದು ಗೊತ್ತಾದ ಮೇಲೆ ಅಪ್ಪನಿಗೆ ಅವರ ಮೇಲೆ ಇನ್ನಷ್ಟು ನಂಬಿಕೆ.

ಅವರು ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಹಾಬಿಗಳ ಪಟ್ಟಿಯಿತ್ತು. ಅಂಚೆಚೀಟಿ ಕೂಡಿಡುವುದು, ಕೈತೋಟ ಮಾಡುವುದು, ಈಜುವುದು, ಬೆಟ್ಟ ಹತ್ತುವುದು. ಕ್ಲಾಸಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತು ‘ಮೈ ಹಾಬಿ ಈಸ್ ಸ್ಟಾಂಪ್ ಕಲೆಕ್ಷನ್’ ಎಂದರು. ಒಬ್ಬನ ಹತ್ತಿರವೂ ಒಂದು ಸ್ಟಾಂಪು ಇರಲಿಲ್ಲ. ಮಿಸ್ಸಿಗೆ ಸಿಟ್ಟು ಬಂತು.

“ಸುಳ್ಳು ಹೇಳೋದಕ್ಕೆ ಇಂಗ್ಲಿಷ್ ಯಾಕ್ರೋ ಬೇಕು? ನಿಮ್ಮ ನಿಮ್ಮದು ಹೇಳಿ.”

ಈ ಮಾತನ್ನು ಆಡಿದ್ದು ಅವಳೇ, ನೆನಪಿರಲಿ.

ಹಾಬಿ ಎಂದರೇನೆಂದು ಮನೆಗೆ ಬಂದು ಅವ್ವನಿಗೆ ವಿವರಿಸಿದೆ. ಬಿಡುವಿದ್ದಾಗ ಏನು ಮಾಡುವುದು ನಿನಗಿಷ್ಟ ಎಂದೆ. ಅವ್ವ ಒಲೆಯ ಮುಂದಿಂದ ತಿರುಗಿ ನೋಡಿ, “ಬುಡುವಾದ್ರೆ ಮನಿಕತೀನಿ ಕಣಮ್ಮಿ, ಇನ್ನೇನ್ ಕುಣೀಲಾ?” ಅಂದಳು. ನಾನು ನಕ್ಕೆ. ಆದರೆ ಅವತ್ತಿಡೀ ನನ್ನದು ಯಾವುದು ಎಂದು ಹುಡುಕಿದೆ. ಮನೆಯ ಕೆಲಸ ಮುಗಿದ ಮೇಲೆ ನಾನು ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂತು ಟೂರಿಸ್ಟ್ ಬಸ್ಸುಗಳ ಬೋರ್ಡು ಓದುತ್ತಿದ್ದೆ. ಕೇರಳದವು, ತಮಿಳುನಾಡಿನವು, ಎಲ್ಲೆಲ್ಲಿಂದಲೋ ಬಂದವು. ಒಳಗೆ ಕೂತವರ ಮುಖ ನೋಡಿ ಇವರು ಎಲ್ಲಿಗೆ ಹೋಗುತ್ತಾರೆ, ಯಾವ ರೂಮಿನಲ್ಲಿ ಉಳಿಯುತ್ತಾರೆ ಎಂದು ಊಹಿಸುತ್ತಿದ್ದೆ. ಮುಂದಿನ ಭಾನುವಾರ ಅದನ್ನೇ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗರು ನಕ್ಕರು. ಮಿಸ್ ನಗಲಿಲ್ಲ. “ವೆರಿ ಗುಡ್, ಇದು ನಿನ್ನದು,” ಅಂದರು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು ಅನ್ನಿ. ‘ಐ ವುಡ್ ಲೈಕ್ ಟು’ ಎಂದು ಶುರು ಮಾಡಿದರೆ ಸಾಕು, ಮುಂದಕ್ಕೆ ಏನು ಬೇಕಾದರೂ ಕೇಳಬಹುದಿತ್ತು. ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ‘ಐ ಪ್ರಿಫರ್’. ಬಟ್ಟೆ ಒಗೆಯುವಾಗ, ಸೆಗಣಿ ಬಾಚುವಾಗ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಐ ಪ್ರಿಫರ್ ಬಸ್ ಟು ವಾಕಿಂಗ್. ಐ ವುಡ್ ಲೈಕ್ ಟು ಹ್ಯಾವ್ ಎ ರೂಮ್. ಎರಡು ಅಂಕಣದ ಮನೆಯಲ್ಲಿ ಏಳು ಜನ ಮಲಗುತ್ತಿದ್ದ ನಮಗೆ ರೂಮಂತೆ! ಕನ್ನಡದಲ್ಲಿ ‘ನಂಗೆ ಬೇಕು’ ಎಂದಿದ್ದರೆ ಅವ್ವ ಸೌಟು ತೋರಿಸುತ್ತಿದ್ದಳು. ಇಂಗ್ಲಿಷಿನಲ್ಲಿ ಅಂದರೆ ಪಾಠ ಒಪ್ಪಿಸಿದ ಹಾಗೆ, ಯಾರ ತಂಟೆಯೂ ಇಲ್ಲ.

ಹೀಗಿರುವಾಗ ಮಿಸ್ ಒಂದು ದಿನ ಕ್ಲಾಸು ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಬಂಡೀಪುರದ ಕಡೆ ಹೊಸದಾಗಿ ಒಂದು ಲಾಡ್ಜು ಶುರುವಾಗುತ್ತಿದೆ, ಬಂದ ಜನರ ಹತ್ತಿರ ಇಂಗ್ಲಿಷ್ ಮಾತಾಡಿ ರೂಮು ಕೊಡುವುದಕ್ಕೆ ಒಬ್ಬ ಹುಡುಗಿ ಬೇಕಂತೆ, ಇರುವುದಕ್ಕೆ ಅಲ್ಲೇ ರೂಮು ಕೊಡುತ್ತಾರಂತೆ ಎಂದರು.

“ಮ್ಯಾನೇಜರ್ ನಮಗೆ ಗೊತ್ತಿರೋರು. ಮುಂದಿನ ಭಾನುವಾರ ಚಾಮರಾಜನಗರದ ನಮ್ಮನೆಗೇ ಬರ್ತಾರೆ. ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ. ನೀನು ಮನೇಲಿ ಏನೂ ಹೇಳೋಕೆ ಹೋಗಬೇಡ.”

ಅವತ್ತು ನಾನು ಹಂಗಳದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿಯಿತ್ತು, ಕೂರಲು ಆಗಲಿಲ್ಲ, ಅಷ್ಟು ಸಂತೋಷ.

ಎರಡು ದಿನ ಬಿಟ್ಟು ಮಿಸ್ ನಮ್ಮ ಮನೆಗೆ ಬಂದರು. ಜಗುಲಿಯ ಮೇಲೆ ಅಪ್ಪ ಅವ್ವನ ಜೊತೆ ಕೂತು ಮಾತಾಡಿದರು. ನಾನು ಕಾಫಿ ತಂದಾಗ ಮೂವರೂ ಸುಮ್ಮನಾದರು. ಅಪ್ಪನ ಮುಖ ಅರಳಿತ್ತು. ಕೆಲಸಕ್ಕೆ ಕಳಿಸಲು ಒಪ್ಪಿದ ಎಂದು ನಾನು ತಿಳಿದೆ. ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಭಾನುವಾರ ಕ್ಲಾಸು ಮುಗಿಸಿ ಬಂದ ಮೇಲೆ ಅವ್ವ ನನಗೆ ತನ್ನ ಮದುವೆಯ ರೇಷ್ಮೆ ಸೀರೆ ಉಡಿಸಿ ಮಲ್ಲಿಗೆ ಮುಡಿಸಿದಳು. ಇಂಟರ್‌ವ್ಯೂಗೆ ಇದೆಲ್ಲ ಯಾಕೆ ಎಂದರೆ, “ಸುಮ್ಕಿರಮ್ಮಿ, ನಾಕ್ ಜನದ್ ಮುಂದೆ ಓಯ್ತಿದ್ದೀಯ,” ಅಂದಳು. ಚಾಮರಾಜನಗರದ ಅವರ ಮನೆಯಲ್ಲಿ ನಮಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಕೆಲಸ ಕೇಳಿಕೊಂಡು ಬಂದವರಿಗೂ ಕೇಸರಿಬಾತು ಕೊಡುತ್ತಾರಲ್ಲ, ಎಂಥ ಒಳ್ಳೆಯ ಜನ ಎಂದುಕೊಂಡು ಎರಡು ಸಲ ಹಾಕಿಸಿಕೊಂಡು ತಿಂದೆ. ಹೂಂ, ನಗಿ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಮ್ಯಾನೇಜರಿಗೆ ಮೂವತ್ತರ ಹತ್ತಿರ ವಯಸ್ಸು, ಚೌಕಳಿ ಅಂಗಿ, ಕನ್ನಡಕ. ಪಕ್ಕದಲ್ಲಿ ಮಿಸ್ಸಿನ ತಾಯಿ. ಅಪ್ಪ ಗೋಡೆ ಬದಿಯ ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದ, ನಾನು ಇಂಗ್ಲಿಷಿನಲ್ಲೇ ಹೇಳಿದೆ. ಬಿಡುವಿನಲ್ಲಿ ಏನು ಮಾಡುತ್ತೀಯ ಎಂದ. ಬಸ್ಸುಗಳ ಬೋರ್ಡಿನ ವಿಷಯ ಹೇಳಿದೆ. ಮುಂದೆ ಏನಾಗುವ ಆಸೆ ಎಂದ. ದುಡಿಯುವ ಆಸೆ, ಬಾಗಿಲು ಹಾಕಿಕೊಳ್ಳಲು ನನ್ನದೇ ಒಂದು ರೂಮಿರಬೇಕು, ನಾಲ್ಕೂರು ನೋಡಬೇಕು ಎಂದೆ. ಕೊನೆಗೆ, ಮದುವೆಯ ವಿಚಾರ ಏನು ಎಂದ. ಕೆಲಸಕ್ಕೆ ಸೇರಿದ ಮೇಲೆ ಮದುವೆಯಾಗಿ ಬಿಟ್ಟು ಹೋದರೆ ಎಂಬ ಭಯ ಇವರಿಗೆ ಎಂದುಕೊಂಡು ಅಪ್ಪನ ಎದುರೇ ಧೈರ್ಯವಾಗಿ, ನಿಧಾನವಾಗಿ ಹೇಳಿದೆ.

“ಐ ವುಡ್ ನಾಟ್ ಲೈಕ್ ಟು ಮ್ಯಾರಿ ನೌ, ಸರ್. ಐ ಪ್ರಿಫರ್ ಟು ವರ್ಕ್.”

ಈಗ ಮದುವೆ ಬೇಡ, ಕೆಲಸ ಮಾಡುವುದೇ ನನಗಿಷ್ಟ ಎಂದು ಬಾಯಿ ಬಿಟ್ಟು ಹೇಳಿದ್ದೆ. ಆತ ನಕ್ಕ. “ಏನಂತೆ?” ಎಂದು ತಾಯಿ ಕೇಳಿದ್ದಕ್ಕೆ ಮಿಸ್, “ಎಲ್ಲ ಚೆನ್ನಾಗೇ ಹೇಳ್ತಿದಾಳೆ,” ಅಂದರು. ಅಪ್ಪ ನನ್ನ ಮುಖವನ್ನೇ ನೋಡುತ್ತ ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ, “ಏನ್ ಮಾತಾಡ್ಬುಟ್ಟೆ ಮಗ! ನಂಗೊಂದಕ್ಸರ ತಿಳೀನಿಲ್ಲ, ಆದ್ರೂ ಎದೆ ತುಂಬ್ಕಬುಡ್ತು,” ಅಂದ. ಅಷ್ಟು ಮಾತನ್ನು ಅಪ್ಪ ನನ್ನ ಹತ್ತಿರ ಆಡಿದ್ದೇ ಅಪರೂಪ.

ಕೆಲಸದ ಆರ್ಡರು ಅಂಚೆಯಲ್ಲಿ ಬರುತ್ತದೆ ಎಂದು ಕಾದೆ. ಮುಂದಿನ ಭಾನುವಾರ ಕ್ಲಾಸಿಗೆ ರಜೆ ಎಂದು ಮಿಸ್ ಹೇಳಿ ಕಳಿಸಿದ್ದರು. ಅದರ ಮರುದಿನ ಅಪ್ಪ ಬೆಳಗ್ಗೆಯೇ ಇಬ್ಬರು ಹಿರಿಯರ ಜೊತೆ ಚಾಮರಾಜನಗರಕ್ಕೆ ಹೋಗಿ ಮಧ್ಯಾಹ್ನ ಬಂದ. ಕೈಚೀಲದಲ್ಲಿ ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ. ನಾನು ಓಡಿ ಹೋಗಿ ಅವ್ವನನ್ನು, “ಆರ್ಡರ್ ಬಂತಾ?” ಎಂದು ಕೇಳಿದೆ.

“ಯಾವ್ ಆರ್ಡ್ರಮ್ಮಿ? ವೀಳ್ಯ ಬದ್ಲಾಯ್ಸ್‌ಕ ಬಂದವ್ರೆ. ಉಡುಗ ಒಪ್ಕಂಡವ್ನೆ. ನಿಮ್ ಮಿಸ್ಸಮ್ಮನ್ ತಮ್ಮ, ನೀನೇ ನೋಡಿದ್ದೀಯಲ್ಲ, ಕನ್ನಡಕದೋನು.”

ನನ್ನನ್ನು ಯಾರು ಕೇಳಿದರು ಎಂದು ಕೂಗಿದೆ. ಅವ್ವನಿಗೇ ಆಶ್ಚರ್ಯ.

“ನಿಮ್ಮಪ್ಪ ಕೇಳಕ್ಕಾಯ್ತದಾ? ಮಿಸ್ಸಮ್ಮನ್ ಕೈಲಿ ಕೇಳ್ಸುದ್ವಿ. ಅವ್ರ್ ಮನೇಲೇ ಉಡುಗನ್ನ ಕೂರ್ಸಿ ನಿನ್ ಕೂಟೆ ಮಾತಾಡ್ಸ್ತೀನಿ ಅಂದ್ರು. ಆಮ್ಯಾಲೆ, ಅವ್ಳ್ಗೆ ಬೋ ಇಷ್ಟ ಅದೆ ಅಂತ ಅವ್ರೇ ಏಳುದ್ರಲ್ಲ.”

ನಮ್ಮ ಕಡೆ ಅಪ್ಪ ಮಗಳ ಮುಖ ನೋಡಿ ಮದುವೆ ಮಾತು ಎತ್ತುವುದಿಲ್ಲ. ಎತ್ತಿದರೆ ಇಬ್ಬರಿಗೂ ನಾಚಿಕೆ. ಅತ್ತೆಯೋ ಚಿಕ್ಕವ್ವನೋ ಹುಡುಗಿಯನ್ನು ಬದಿಗೆ ಕರೆದು ಕೇಳಿ ಬಂದು ಹೇಳಬೇಕು. ಆ ಹೆಂಗಸು ತಂದ ಮಾತೇ ಹುಡುಗಿಯ ಮಾತು. ಅಪ್ಪ ಪಾಪ, ಓದಿದವರು ಕೇಳಿದರೆ ಇನ್ನೂ ಚೆನ್ನ ಎಂದು ನನ್ನ ಮಿಸ್ಸನ್ನೇ ಆರಿಸಿದ್ದ. ಅವಳು ಅವನಿಗೆ ಒಂದು ಹೇಳಿದಳು, ನನಗೆ ಒಂದು ಹೇಳಿದಳು. ಮನೆಯಲ್ಲಿ ನಾವು ಮೂವರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳೂ ನಮ್ಮವಳೇ ಅಲ್ಲವೇ!

ಮಾರನೆಯ ಬೆಳಗ್ಗೆ ಗುಂಡ್ಲುಪೇಟೆಗೆ ಹೋದೆ. ಮಿಸ್ ಕಾನ್ವೆಂಟಿನ ಗೇಟಿನ ಹತ್ತಿರ ಸಿಕ್ಕರು. ನನ್ನನ್ನು ನೋಡಿ ನಗುತ್ತಲೇ ಬಂದರು. ಲಾಡ್ಜು ಎಲ್ಲಿ ಎಂದು ಕೇಳಿದೆ.

“ಲಾಡ್ಜೂ ಇಲ್ಲ ಏನೂ ಇಲ್ಲ. ಹೆಣ್ಣು ನೋಡೋಕೆ ಕರೆಸ್ತಿದೀವಿ ಅಂದಿದ್ರೆ ನೀನು ತಲೆ ತಗ್ಗಿಸಿ ಕೂತ್ಬಿಡ್ತಿದ್ದೆ. ನಮ್ಮ ತಮ್ಮನಿಗೆ ಮೈಸೂರಲ್ಲಿ ಆಫೀಸಿನ ಕೆಲಸ, ನಾಲ್ಕು ಜನರ ಮಧ್ಯೆ ಇಂಗ್ಲಿಷ್ ಮಾತಾಡೋ ಹೆಂಡ್ತಿನೇ ಬೇಕು ಅಂತ ಕೂತಿದ್ದ.”

“ನಾನು ಮದುವೆ ಬೇಡ ಅಂದೆನಲ್ಲ ಮಿಸ್? ಅವರಿಗೆ ಅರ್ಥವಾಯ್ತಲ್ಲ?”

“ಅಂದೆ ಕಣೇ. ಎಷ್ಟು ಚೆನ್ನಾಗಿ ಅಂದೆ! ಒಂದು ತಪ್ಪಿಲ್ಲ. ಅದಕ್ಕೇ ಅವನು ಒಪ್ಪಿದ್ದು.”

ಕೆನ್ನೆ ತಟ್ಟಿ ಒಳಗೆ ಹೋದಳು. ಮೈಯೆಲ್ಲ ಉರಿದುಹೋಯಿತು. ಏನು ಹೇಳಿದೆ ಎನ್ನುವುದು ಆ ಅಕ್ಕ ತಮ್ಮಂದಿರಿಗೆ ಬೇಕೇ ಇರಲಿಲ್ಲ, ಹೇಗೆ ಹೇಳಿದೆ ಎಂದಷ್ಟೇ ನೋಡಿದ್ದರು. ನನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ತೆಗೆದು ಮುಂದಿಟ್ಟಿದ್ದೆ. ಗಿಣಿ ಮಾತಾಡಿತು ಎಂದು ಖುಷಿ ಪಟ್ಟಿದ್ದರು.

ಆದರೂ ನನಗೊಂದು ಧೈರ್ಯವಿತ್ತು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಹೀಗಾಗಿದೆ. ಅಲ್ಲಿ ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿದರೆ ಅಪ್ಪ ಈ ಮದುವೆ ಮುರಿಯುತ್ತಾನೆ, ಆ ಮನೆಗೆ ಹೋಗಿ ಅವಳ ಗ್ರಹಚಾರ ಬಿಡಿಸುತ್ತಾನೆ. ನನ್ನ ಅಪ್ಪ ಮೋಸ ಸಹಿಸುವವನಲ್ಲ. ಬಸ್ಸಿನಲ್ಲಿ ಕೂತು ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿಕೊಂಡೆ. ಹಂಗಳಕ್ಕೆ ಮುಂಚೆಯೇ, ಗ್ಯಾಂಗು ಕೆಲಸ ಮಾಡುತ್ತಿದ್ದ ಕಡೆ ಇಳಿದೆ. ಬುತ್ತಿಯ ಹೊತ್ತು. ಅಪ್ಪ ಮರದ ನೆರಳಲ್ಲಿ ಕೈ ತೊಳೆಯುತ್ತಿದ್ದ.

ನಾಚಿಕೆ ಬಿಟ್ಟು, ಎದುರಿಗೆ ನಿಂತು ಎಲ್ಲ ಹೇಳಿದೆ. ಕೆಲಸ ಎಂದು ನನಗೆ ಸುಳ್ಳು ಹೇಳಿ ಕರೆಸಿದ್ದು. ಅಲ್ಲಿ ಅವನು ಕೇಳಿದ್ದು, ನಾನು ಹೇಳಿದ್ದು. “ನಂಗೆ ದುಡೀಬೇಕು ಕಣಪ್ಪ. ನಂಗೊಂದು ರೂಮ್ ಬೇಕು. ನಾಕ್ ಊರು ನೋಡ್ಬೇಕು. ಈಗ್ಲೇ ಮದ್ವೆ ನಂಗೆ ಇಷ್ಟ ಇಲ್ಲ. ಇದ್ನೇ ಅವತ್ತು ನಿನ್ ಮುಂದೇನೇ ಹೇಳಿದ್ದು.” ‘ನಂಗೆ ಬೇಕು’ ಎಂದು ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಅಪ್ಪ ಒಂದು ಮಾತಿಗೂ ಅಡ್ಡ ಬರಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. ಮೋಸ ಹೋಗಿದ್ದೇನೆ ಎಂದು ಅವನಿಗೆ ತಿಳಿಯಿತು, ನನ್ನ ಕಣ್ಣಾರೆ ಕಂಡೆ. ಡಾಂಬರು ಮೆತ್ತಿದ ಪಂಚೆಗೆ ಕೈ ಒರೆಸಿಕೊಂಡ. ಈಗ ಏಳುತ್ತಾನೆ, ಈಗ ಬೈಯುತ್ತಾನೆ ಎಂದು ಕಾದೆ. ಆಚೆ ಕೂತಿದ್ದ ಗ್ಯಾಂಗಿನವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ತಿಳೀತು ಮಗ, ಎಲ್ಲಾ ತಿಳೀತು. ಇರೀಕರ್ ಮುಂದೆ ವೀಳ್ಯ ಇಸ್ಕಬುಟ್ಟಿವ್ನಿ. ಇಂಗ್ಲಿಸ್ನಲ್ಲಿ ನೀನ್ ಏನಾರ ಏಳ್ಕ. ಕನ್ನಡ್ದಲ್ಲಿ ಮಾತ್ರ ಇದ್ನ ಇನ್ಯಾರ್ ಮುಂದೂ ಏಳ್ಬ್ಯಾಡ.”