ನೂಲಿನಷ್ಟು ನೀರು

ಜೋಗುಪಾಳ್ಯದ ನಮ್ಮ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲ. ನೀರು ಬರುವುದು ದಿನ ಬಿಟ್ಟು ದಿನ, ಅದೂ ತನಗೆ ತೋಚಿದ ಹೊತ್ತಿಗೆ. ಬಂದಾಗ ಡ್ರಮ್ಮು, ಬಿಂದಿಗೆ, ಕುಕ್ಕರು, ಕೊನೆಗೆ ಟಿಫನ್ ಡಬ್ಬಿ ಸಹ ತುಂಬಿಡಬೇಕು. ಬಟ್ಟೆ ಜಾಲಿಸಿದ ನೀರು ಬಚ್ಚಲು ತೊಳೆಯಲು, ಅಕ್ಕಿ ತೊಳೆದ ನೀರು ಕರಿಬೇವಿನ ಕುಂಡಕ್ಕೆ. ಚಿಕ್ಕವಳಿದ್ದಾಗ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತ ನಿಂತರೆ ನನ್ನ ಬೆನ್ನಿಗೆ ಬೀಳುತ್ತಿದ್ದ ಏಟು ಪಕ್ಕದ ಮನೆಗೂ ಕೇಳುತ್ತಿತ್ತು. ಇಂಥವಳ ಮಗಳಾದ ನಾನು ಜಪಾನಿನ ಉತ್ತರದ ಒಂದು ಹಿಮದ ಊರಿನಲ್ಲಿ ಚಳಿಗಾಲವಿಡೀ ನಲ್ಲಿ ತೆರೆದಿಟ್ಟು ಮಲಗುತ್ತಿದ್ದೆ.

ಅಲ್ಲಿ ಹಾಗೆ ಮಾಡದಿದ್ದರೆ ಆಗುವುದಿಲ್ಲ. ನಾನಿದ್ದದ್ದು ಹಳೆಯ ಮರದ ಮನೆಯ ಮಹಡಿಯ ಮೇಲೆ. ರಾತ್ರಿ ಪೈಪಿನೊಳಗಿನ ನೀರು ನಿಂತರೆ ಹೆಪ್ಪುಗಟ್ಟಿ ಪೈಪೇ ಸೀಳುತ್ತದೆ. ಹರಿಯುವ ನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಚಳಿ ಜೋರಾದ ರಾತ್ರಿಗಳಲ್ಲಿ ನಲ್ಲಿಯನ್ನು ನೂಲಿನಷ್ಟು ಬಿಟ್ಟಿರಬೇಕು. ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ ಅಜ್ಜಿ ಮೊದಲ ವರ್ಷವೇ ಒಂದು ಬಿಳಿ ದಾರ ತಂದು, ನಲ್ಲಿಯ ಬಾಯಿಗೆ ಹಿಡಿದು, ಇಷ್ಟು ದಪ್ಪ ಎಂದು ತೋರಿಸಿದ್ದರು. ಮೊದಮೊದಲು ಆ ಸದ್ದು ಕೇಳಿದಾಗಲೆಲ್ಲ ಬೆನ್ನು ಚುರ್ ಎನ್ನುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ನಾನು ಹೋಗಿದ್ದು ರಾಗಿಯ ಮೇಲೆ ಡಾಕ್ಟರೇಟ್ ಮಾಡಲು. ರಾಗಿಯ ದೇಶ ಬಿಟ್ಟು ಹಿಮದ ದೇಶಕ್ಕೆ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಚಳಿಯಲ್ಲೂ ರಾಗಿ ಜೊಳ್ಳಾಗದೆ ಕಾಳು ಕಟ್ಟುವಂತೆ ಮಾಡುವುದು ಹೇಗೆ ಎನ್ನುವುದೇ ನನ್ನ ವಿಷಯ, ಅದಕ್ಕೆ ಬೇಕಾದ ಚಳಿಯ ಕೋಣೆಗಳೂ ಅದನ್ನು ಬಲ್ಲ ಪ್ರೊಫೆಸರೂ ಅಲ್ಲಿದ್ದರು. ಅಮ್ಮನ ತವರು ಹೊರಮಾವು. ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟು ನಿಂತು, ಅದರ ಗೇಟಿನಲ್ಲಿ ನಮ್ಮನ್ನೇ ಯಾರು ಬೇಕಿತ್ತು ಅಂತ ಕೇಳುತ್ತಾರೆ. ಮೊಮ್ಮಗಳು ಮಾತ್ರ ಸಮುದ್ರ ದಾಟಿ ಗಾಜಿನ ಪೆಟ್ಟಿಗೆಯಲ್ಲಿ, ಬಲ್ಬಿನ ಬೆಳಕಲ್ಲಿ ರಾಗಿ ಬಿತ್ತುತ್ತಿದ್ದಳು. ತಾತ ಇದ್ದಿದ್ದರೆ ನಕ್ಕು ಸುಸ್ತಾಗುತ್ತಿದ್ದ.

ನಾನು ಹೇಳಹೊರಟಿದ್ದು ಮೂರನೆಯ ಚಳಿಗಾಲದ ಮಾತು. ನನ್ನ ಪ್ರೊಫೆಸರು ಮಾರ್ಚಿಗೆ ನಿವೃತ್ತರಾಗುವವರಿದ್ದರು. ಅವರು ಹೋದರೆ ಅಲ್ಲಿ ಪ್ರಯೋಗಾಲಯವೂ ಮುಚ್ಚುತ್ತದೆ. ಅಷ್ಟರೊಳಗೆ ನನ್ನ ಪೈರು ಕಾಳು ಕಟ್ಟಬೇಕು, ಪ್ರಬಂಧ ಮುಗಿಯಬೇಕು. ಪೈರು ಎರಡು ಸಲ ಜೊಳ್ಳಾಗಿತ್ತು. ಪ್ರೊಫೆಸರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಮ್ಮ ಕಡೆಯ ಮೇಷ್ಟರಾಗಿದ್ದರೆ ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದು, ಸಂಜೆ ಕರೆದು ಕಾಫಿ ಕುಡಿಸುತ್ತಿದ್ದರು. ಇವರು ಒಣಗಿದ ತೆನೆಯನ್ನು ಬಹಳ ಹೊತ್ತು ನೋಡಿ, ಕಷ್ಟಪಟ್ಟಿದ್ದೀರಿ ಎಂದು ತಲೆಬಾಗಿಸಿ ಹೊರಟುಹೋದರು. ಡಾಕ್ಟರೇಟು ಅನ್ನುವುದು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಚಳಿಗಾಲದ ಜಪಾನ್ ಎಂದರೆ ಜನ ಹಿಮದ ಫೋಟೋ ಕೇಳುತ್ತಾರೆ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಕತ್ತಲಾಗುವ ಊರಿನಲ್ಲಿ ನಾನು ಯಾವ ಫೋಟೋ ತೆಗೆಯಲಿ? ಬೆಳಗ್ಗೆ ಎದ್ದರೆ ಬಾಗಿಲ ಮುಂದಿನ ಹಿಮ ಗೋರಬೇಕು. ಗೋರಿದ್ದು ಸಂಜೆಗೆ ಮತ್ತೆ ಬಿದ್ದಿರುತ್ತದೆ. ಮನೆಯೊಳಗೇ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಸೀಮೆಎಣ್ಣೆ ಒಲೆಯ ಮುಂದೆ ಕೂತರೆ ಮುಖ ಬೇಯುತ್ತದೆ, ಬೆನ್ನು ನಡುಗುತ್ತದೆ. ಕಾಲ್ಬೆರಳು ಊದಿ ಕೆಂಪಾಗಿ ತುರಿಸುತ್ತಿದ್ದವು. ಒಗೆದ ಬಟ್ಟೆ ಒಣಗುವ ಬದಲು ಹಪ್ಪಳವಾಗುತ್ತಿತ್ತು. ಇದೆಲ್ಲ ತಡೆಯಬಹುದು, ಸ್ವೆಟರ್ ಮೇಲೆ ಸ್ವೆಟರ್ ಹಾಕಿದರಾಯಿತು. ತಡೆಯಲಾಗದ್ದು ಮೌನ. ಪ್ರಯೋಗಾಲಯದಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲರೂ ಅವರವರ ಮೇಜಿಗೆ ಬಾಗಿದವರು. ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ತಮಿಳಲ್ಲಿ ಬೈದರೂ ಅದು ನನ್ನನ್ನು ನೋಡಿಯೇ ಬೈದದ್ದು. ಇಲ್ಲಿ ವಾರಗಟ್ಟಲೆ ನನ್ನನ್ನು ಯಾರೂ ಬೈಯಲಿಲ್ಲ.

ಡಿಸೆಂಬರಿನ ಒಂದು ಸಂಜೆ ಮನೆಗೆ ಬಂದವಳು ಕೋಟೂ ಬಿಚ್ಚದೆ ಚಾಪೆಯ ಮೇಲೆ ಕೂತೆ. ಒಲೆ ಹಚ್ಚಲಿಲ್ಲ. ದೀಪ ಹಾಕಲಿಲ್ಲ. ನಲ್ಲಿಯ ಕಡೆ ಹೋಗಲೇ ಇಲ್ಲ. ಸಾಯಬೇಕು ಎಂದುಕೊಂಡೆ ಅಂತ ಬರೆದರೆ ಪೂರ್ತಿ ನಿಜವಾಗುವುದಿಲ್ಲ. ನಾಳೆ ಬೆಳಗ್ಗೆ ಏಳುವುದು ಬೇಡ ಅನ್ನಿಸಿತ್ತು. ಇವೆರಡರ ನಡುವೆ ಎಷ್ಟು ದೂರ ಎಂದು ನೋಡುವ ತ್ರಾಣ ನನ್ನಲ್ಲಿರಲಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜಿ, ಕೈಯಲ್ಲಿ ಮುಚ್ಚಿದ ಬಟ್ಟಲು. ಮೂಲಂಗಿ ಬೇಯಿಸಿದ್ದು ಹೆಚ್ಚಾಯಿತು, ತೆಗೆದುಕೊಳ್ಳಿ ಎಂದರು. ನನ್ನ ಹೆಗಲಿನಾಚೆಗೆ ಕತ್ತಲೆಯ ಕೋಣೆಯನ್ನು ನೋಡಿ, ಇವತ್ತು ಚಳಿ ಜಾಸ್ತಿ, ನೀರು ಬಿಡಬೇಕಲ್ಲವೇ ಎಂದರು. ನಾನು ಅವರ ಎದುರಿಗೇ ಹೋಗಿ ನಲ್ಲಿ ತಿರುಗಿಸಿದೆ. ಅವರು ಒಂದು ಗಳಿಗೆ ಆ ಸದ್ದು ಕೇಳಿಸಿಕೊಂಡು, ತಲೆಯಾಡಿಸಿ ಮೆಟ್ಟಿಲಿಳಿದರು. ಮುದುಕಿಗೆ ಪೈಪಿನದೇ ಚಿಂತೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮೂಲಂಗಿ ತಿಂದೆ, ಬಿಸಿಯಾಗಿತ್ತು.

ಮಾರನೆಯ ದಿನ ಫೋನಿನಲ್ಲಿ ನಾನು ಎಂದಿನಂತೆ ಎಲ್ಲ ಚೆನ್ನಾಗಿದೆ ಅಂದೆ. ಅಮ್ಮ ಬ್ಲೌಸ್ ಹೊಲಿಯುವವಳು. ಎದುರಿಗೆ ನಿಂತವರನ್ನು ನೋಡಿಯೇ ಅಳತೆ ಹೇಳಬಲ್ಲಳು, ನನ್ನ ಸ್ವರದ ಅಳತೆ ಅವಳಿಗೆ ತಿಳಿಯದೇ ಇರುತ್ತದೆಯೇ? ಕೆ.ಆರ್. ಪುರದಲ್ಲಿ ಗ್ಯಾರೇಜು ಇಟ್ಟಿರುವ ಅಣ್ಣನ ಬೆನ್ನು ಬಿದ್ದು ಟಿಕೆಟ್ಟು, ವೀಸಾ ಎಲ್ಲ ಮಾಡಿಸಿ, ಜನವರಿಯಲ್ಲಿ ಬಂದಿಳಿದಳು. ಸೀರೆಯ ಮೇಲೆ ಅಣ್ಣನ ಜರ್ಕಿನ್ನು, ತಲೆಗೆ ಮಂಕಿ ಕ್ಯಾಪು, ಚೀಲದ ತುಂಬ ರಾಗಿ ಹಿಟ್ಟು. ನನ್ನನ್ನು ಕಂಡವಳೇ ಕೆನ್ನೆ ಹಿಂಡಿ ನೋಡಿ, "ಏನೇ ಇದು, ಮೂಳೆ ಸಿಗ್ತಿದೆ" ಅಂದಳು.

ನಾನು ಅವಳಿಂದ ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ, ಬಂದ್ಬಿಡು ಮನೆಗೆ ಅನ್ನುವ ಮಾತಿಗೆ. ಅಂದರೆ ಸಾಕು, ಮರುದಿನವೇ ಹೊರಡುತ್ತಿದ್ದೆ. ಅವಳು ಅನ್ನಲಿಲ್ಲ. ಮುದ್ದೆ ಕಟ್ಟಿದಳು, ಬಸ್ಸಾರು ಮಾಡಿದಳು, ತಲೆಗೆ ಎಣ್ಣೆ ತಿಕ್ಕಿದಳು, ಪಕ್ಕದ ಬೀದಿಯ ಹುಡುಗಿಯ ಮದುವೆ ಮುರಿದದ್ದನ್ನು ಹೇಳಿದಳು. ನಾನು ಪ್ರಯೋಗಾಲಯಕ್ಕೆ ಹೋದಾಗ ಕೆಳಗೆ ಅಜ್ಜಿಯ ಮನೆಗೆ ಹೋಗಿ ಕೂರುತ್ತಿದ್ದಳು. ನಮ್ಮ ಮನೆಯಲ್ಲಿರುವಂತೆ ಅಲ್ಲಿಯೂ ಬುದ್ಧ ಇದ್ದ. ಅಮ್ಮ ಕೈ ಮುಗಿದದ್ದನ್ನು ನೋಡಿ ಅಜ್ಜಿ ಅವಳ ಕೈಗೇ ಊದುಬತ್ತಿ ಕೊಟ್ಟರಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಇಬ್ಬರೂ ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರು.

ನಲ್ಲಿಯ ವಿಷಯ ಬಂದ ದಿನವೇ ಹೇಳಿದ್ದೆ. ಅಮ್ಮ ನಂಬಲಿಲ್ಲ. ಮೊದಲ ಎರಡು ರಾತ್ರಿ ಹೊರಳಾಡಿದಳು. ನಲ್ಲಿಯ ಕೆಳಗೆ ಒಂದು ಪಾತ್ರೆ ಇಟ್ಟು, ಅದು ತುಂಬಿದ ಮೇಲೆ ಎದ್ದು ಇನ್ನೊಂದು ಇಟ್ಟಳು. ಬೆಳಗಾಗುವಷ್ಟರಲ್ಲಿ ಮನೆಯ ಲೋಟಗಳೂ ತುಂಬಿ ಸಾಲಾಗಿ ಕೂತಿದ್ದವು. ಇಷ್ಟು ನೀರಿದ್ದರೆ ನಮ್ಮ ಬೀದಿಯವರೆಲ್ಲ ತಲೆಗೆ ಸ್ನಾನ ಮಾಡಬಹುದಿತ್ತು ಎಂದು ಲೊಚಗುಟ್ಟಿದಳು. ಒಂದು ರಾತ್ರಿ ನಾನು ನಿದ್ದೆಹೋದ ಮೇಲೆ ಮೆಲ್ಲಗೆ ಎದ್ದು, ನಮ್ಮ ಮನೆಯ ನಲ್ಲಿಯನ್ನು ತಿರುಗಿಸುವಂತೆ, ಇದ್ದ ಬಲವನ್ನೆಲ್ಲ ಹಾಕಿ ಬಿಗಿಯಾಗಿ ತಿರುಗಿಸಿಬಿಟ್ಟಳು.

ಬೆಳಗ್ಗೆ ನಲ್ಲಿಯಲ್ಲಿ ಹನಿ ನೀರಿಲ್ಲ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದು ಒಳಗೆ ಹೆಪ್ಪುಗಟ್ಟಿದ್ದ ನೀರು ಕರಗಿದಾಗ ಗೋಡೆಯೊಳಗೆ ಪೈಪು ಬಿರುಕು ಬಿಟ್ಟಿದ್ದು ಗೊತ್ತಾಯಿತು. ನೀರು ಕೆಳಗಿನ ಅಡುಗೆಮನೆಯ ಸೂರಿನಿಂದ ಸುರಿಯತೊಡಗಿತ್ತು. ನಾನು ಓಡಿಬಂದಾಗ ಅಮ್ಮ, ಅಜ್ಜಿ ಇಬ್ಬರೂ ಮೊಣಕಾಲೂರಿ ನೆಲ ಒರೆಸುತ್ತಿದ್ದರು. ಬರಗಾಲದಲ್ಲಿ ಅಧಿಕಮಾಸ ಎಂದರೆ ಇದೇ. ನಾನು ಅಮ್ಮನ ಮೇಲೆ ಕಿರುಚಿದೆ. ಹೇಳಿದ್ದೆನಲ್ಲ, ನಿನ್ನ ಜೋಗುಪಾಳ್ಯ ಅಲ್ಲ ಇದು ಅಂತ ಹೇಳಿದ್ದೆನಲ್ಲ ಎಂದು ಆ ಚಳಿಗಾಲದಲ್ಲಿ ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ಅವಳು ಒದ್ದೆ ಬಟ್ಟೆ ಹಿಂಡಿ ಮತ್ತೆ ನೆಲಕ್ಕೆ ಬಾಗಿದಳು.

ಪೈಪಿನವನು ಬಂದು ನೀರು ನಿಲ್ಲಿಸಿ ಹೋದ ಮೇಲೆ ನಾನು ಅಜ್ಜಿಯ ಮುಂದೆ ತಲೆಬಾಗಿಸಿ ಕ್ಷಮೆ ಕೇಳಿದೆ. ಅವರು ಸೂರಿನ ಸುದ್ದಿಯನ್ನೇ ಎತ್ತಲಿಲ್ಲ. ಟೀ ಬಗ್ಗಿಸುತ್ತ ನಿಧಾನವಾಗಿ ಹೇಳಿದರು. ಅವರು ಮಲಗುವುದು ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ, ಸರಿಯಾಗಿ ನನ್ನ ನಲ್ಲಿಯ ಕೆಳಗೆ. ಚಳಿಗಾಲದಲ್ಲಿ ನೀರಿನ ಸದ್ದು ಕೇಳಿಸಿದ ಮೇಲೆಯೇ ಅವರಿಗೆ ನಿದ್ದೆ. ನಿನ್ನೆ ರಾತ್ರಿ ಸದ್ದು ನಿಂತಾಗ ಎದ್ದು ಕೂತಿದ್ದರು. ತಾಯಿ ಜೊತೆಗಿದ್ದಾರಲ್ಲ ಎಂದು ಧೈರ್ಯ ತಂದುಕೊಂಡು ಮೇಲೆ ಬರಲಿಲ್ಲ. ಬಹಳ ವರ್ಷದ ಹಿಂದೆ ಆ ಕೋಣೆಯಲ್ಲಿ ಓದುವ ಹುಡುಗನೊಬ್ಬ ಇದ್ದ. ಒಂದು ಚಳಿಯ ರಾತ್ರಿ ಅವನು ನಲ್ಲಿ ಬಿಡಲಿಲ್ಲ. ಮರೆತಿರಬೇಕು, ಬೆಳಗ್ಗೆ ಹೇಳಿದರಾಯಿತು ಅಂದುಕೊಂಡು ಅವರು ಮಲಗಿಬಿಟ್ಟರು. ಬೆಳಗ್ಗೆ ಹೇಳಿಸಿಕೊಳ್ಳಲು ಅವನು ಇರಲಿಲ್ಲ. ಇಷ್ಟು ಹೇಳಿ ನನ್ನ ಮುಖ ನೋಡಿ, ಡಿಸೆಂಬರಿನ ಆ ದಿನ ಮೂಲಂಗಿ ಹೆಚ್ಚಾಗಿರಲಿಲ್ಲ ಎಂದರು.

ಅಮ್ಮ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. "ಏನಂತಮ್ಮ?" ಅಂದಳು.

ಪೈಪು ಹೋದರೆ ಹೋಗಲಿ, ರಿಪೇರಿ ಮಾಡಿಸೋಣ ಅಂತಾರೆ ಎಂದೆ.

"ಅಷ್ಟುದ್ದ ಮಾತಿಗೆ ಇಷ್ಟೇನಾ? ಅವ್ರ ಕಣ್ಣಲ್ಲಿ ನೀರಿದೆ. ಸರಿಯಾಗಿ ಹೇಳು."

ಇನ್ನು ಮುಚ್ಚಿಡಲು ನನ್ನ ಕೈಲಾಗಲಿಲ್ಲ. ಅಜ್ಜಿಯ ಮಾತನ್ನು ಒಂದೊಂದಾಗಿ ಕನ್ನಡಕ್ಕೆ ತಂದೆ. ಆ ಹುಡುಗನ ಸುದ್ದಿ ಹೇಳಿದೆ, ಮೂಲಂಗಿಯ ಸುದ್ದಿ ಹೇಳಿದೆ, ದೀಪ ಹಾಕದೆ ಕೂತಿದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಜೋರಾಗಿ ಅಳು ಬಂತು. ಅಮ್ಮ ಎದ್ದು ಹೋಗಿ ಅಜ್ಜಿಯ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಆ ದೇಶದಲ್ಲಿ ಯಾರೂ ಯಾರನ್ನೂ ಹಾಗೆ ಮುಟ್ಟುವುದಿಲ್ಲ. ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ.

ಮಹಡಿಗೆ ಬಂದ ಮೇಲೆ ಅಮ್ಮ ನಾನು ಕಾಯುತ್ತಿದ್ದ ಮಾತು ಆಡಿದಳು. "ಬಂದ್ಬಿಡು ಪುಟ್ಟ. ಆ ಓದು ಹಾಳಾಗ್ ಹೋಗ್ಲಿ. ನಾನು ಬಂದಿದ್ದೇ ನಿನ್ನ ಕರ್ಕೊಂಡ್ ಹೋಗೋಕೆ. ಬೇಜಾರ್ ಮಾಡ್ಕೋತೀಯೇನೋ ಅಂತ ಬಾಯ್ ಬಿಡ್ಲಿಲ್ಲ."

ಆ ಮಾತು ಕಿವಿಗೆ ಬಿದ್ದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಪ್ರೊಫೆಸರಿಗೆ ಹೇಳುವುದು, ಕೋಣೆ ಖಾಲಿ ಮಾಡುವುದು, ಊರಿಗೆ ಹೋಗಿ ಕಂಡವರಿಗೆಲ್ಲ ಉತ್ತರ ಕೊಡುವುದು, ಎಲ್ಲವೂ ಸಾಲಾಗಿ ಎದುರು ನಿಂತವು. ಬಿಟ್ಟು ಬರುವುದಕ್ಕೂ ಶಕ್ತಿ ಬೇಕು, ನನ್ನಲ್ಲಿ ಅಷ್ಟೂ ಉಳಿದಿರಲಿಲ್ಲ. ಅಣ್ಣ ಈಗಲೂ ತಂಗಿ ಛಲಗಾರ್ತಿ ಅಂತ ಹೇಳಿಕೊಂಡು ತಿರುಗುತ್ತಾನೆ. ಛಲವೂ ಇಲ್ಲ, ಮಣ್ಣೂ ಇಲ್ಲ. ಪೈರು ತೆನೆ ಹೊಡೆಯುವ ಹೊತ್ತು, ಈಗಲೇ ಆಗುವುದಿಲ್ಲ ಎಂದು ಅಮ್ಮನಿಗೆ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದೆ. ಪೈಪು ರಿಪೇರಿಯಾದ ದಿನದಿಂದ ಸಂಜೆಯಾದರೆ ಅಮ್ಮನೇ ಎದ್ದು, ನಲ್ಲಿಯನ್ನು ತಿರುಗಿಸಿ, ದಾರ ಹಿಡಿದು ನೋಡಿ, ಅದರ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡಳು. ಪಾತ್ರೆ ಇಡುವುದನ್ನು ಬಿಟ್ಟಳು.

ವೀಸಾದ ಗಡುವು ಮುಗಿದು ಅವಳು ಹೊರಟಳು. ಹೊರಡುವಾಗ ನನಗೆ ಹೆಚ್ಚು ಹೇಳಲಿಲ್ಲ. ಅಜ್ಜಿಗೆ ಮಾತ್ರ ಮೇಲಕ್ಕೆ ಕೈ ತೋರಿಸಿ, ಕಿವಿ ಮುಟ್ಟಿ, ಏನೋ ಕೇಳಿಕೊಂಡಳು. ಅಜ್ಜಿ ಬಹಳ ಬಾಗಿ ನಮಸ್ಕರಿಸಿದರು.

ಆ ಸಲವೂ ಪೈರು ಜೊಳ್ಳಾಯಿತು. ಪ್ರೊಫೆಸರು ನಿವೃತ್ತರಾದರು, ನನ್ನನ್ನು ಬೇರೆಯವರ ಕೈಗೆ ಒಪ್ಪಿಸಿದರು. ಡಿಗ್ರಿ ಬಂದದ್ದು ಆಮೇಲೆ, ಜೊಳ್ಳು ಯಾಕಾಯಿತು ಎಂದು ಬರೆದದ್ದಕ್ಕೇ ಬಂತು. ಆದರೆ ಅಮ್ಮ ಹೊರಟುಹೋದ ಆ ಫೆಬ್ರವರಿಯಲ್ಲಿ ಇದೊಂದೂ ಗೊತ್ತಿರಲಿಲ್ಲ. ಆಗ ಗೊತ್ತಿದ್ದದ್ದು ಹಿಮ ಗೋರುವುದು, ಒಣಗುತ್ತಿರುವ ತೆನೆ ನೋಡುವುದು, ಸಂಜೆ ಅಮ್ಮನ ಫೋನು. ಮೊದಲೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದವಳು ಈಗ ನೀರು ಬಿಟ್ಟಿದ್ದೀಯಾ ಎಂದೇ ಮಾತು ಶುರುಮಾಡುತ್ತಿದ್ದಳು. ಬಿಟ್ಟಿದ್ದೀನಿ ಅಂದರೆ ಸಾಲದು, ಫೋನನ್ನು ನಲ್ಲಿಯ ಹತ್ತಿರ ಹಿಡಿಯಬೇಕು. ಕೆಲವು ಸಂಜೆ ನಾನು ಚಾಪೆಯಿಂದ ಏಳುತ್ತಿದ್ದದ್ದು ಅದಕ್ಕೊಂದಕ್ಕೇ. ಆ ಫೋನು ಬರದಿದ್ದರೆ ಏಳುತ್ತಿರಲಿಲ್ಲ ಎಂದು ಈಗ, ಅವಳ ಹೊಲಿಗೆ ಮಿಷನ್ನಿನ ಪಕ್ಕ ಕೂತು, ಹೆದರದೆ ಬರೆಯಬಲ್ಲೆ.

ಒಂದು ದಿನ ಫೋನಿನಲ್ಲಿ ಅವಳ ಹಿಂದೆ ಬಹಳ ಗಲಾಟೆ ಕೇಳುತ್ತಿತ್ತು. ಜೋಗುಪಾಳ್ಯದಲ್ಲಿ ಆ ವಾರ ನೀರೇ ಬಂದಿರಲಿಲ್ಲವಂತೆ. ಬೀದಿಯ ಕೊನೆಗೆ ಟ್ಯಾಂಕರ್ ಬಂದು ನಿಂತಿತ್ತು, ಅಮ್ಮ ಬಿಂದಿಗೆ ಹಿಡಿದು ಸಾಲಿನಲ್ಲಿದ್ದಳು. ಯಾರೋ ತಮಿಳಲ್ಲಿ, ಯಾರೋ ಉರ್ದುವಿನಲ್ಲಿ ಸರದಿಗಾಗಿ ಜಗಳವಾಡುತ್ತಿದ್ದರು. ಖಾಲಿ ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು. ಆಮೇಲೆ ಮಾತಾಡೋಣ, ನೀನು ನೀರು ಹಿಡಿದುಕೋ ಎಂದೆ.

"ಅದಿರ್ಲಿ. ನೀನು ಬಿಟ್ಟಿದ್ದೀಯಾ?"

ಎದ್ದು ಹೋಗಿ ನಲ್ಲಿ ತಿರುಗಿಸಿ, ಫೋನನ್ನು ಕೆಳಗೆ ಹಿಡಿದೆ.

"ಇಲ್ಲಿ ಗಲಾಟೆ, ಸರಿಯಾಗಿ ಕೇಳಿಸ್ತಿಲ್ಲ," ಅಂದಳು ಅಮ್ಮ. "ಇನ್ನೂ ಜೋರಾಗಿ ಬಿಡು."