ಊರಿಗೆಂದು ಎತ್ತಿಟ್ಟ ಬೂಟು

ಐವತ್ತೆರಡನೆಯ ವಯಸ್ಸಿನಲ್ಲಿ ಅಮ್ಮ ಓಡಲು ಶುರು ಮಾಡಿದಳು, ಅದೂ ನನ್ನ ಕಾಲೇಜು ದಿನಗಳ ಹಳೆಯ ಬೂಟು ಹಾಕಿಕೊಂಡು. ಅದು ಅವಳಿಗೆ ಬಿಗಿ. ಎರಡೇ ವಾರದಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ನಾನು ಅವಳ ಪಾದವನ್ನು ಪೇಪರಿನ ಮೇಲಿಟ್ಟು ಗೆರೆ ಎಳೆದು, ಅದನ್ನು ನಾವಿರುವ ಠಾಣೆ ನಗರದ ಮಾಜಿವಾಡಾದ ಅಂಗಡಿಗೆ ಒಯ್ದು, ಬೆರಳಿನ ಮುಂದೆ ಜಾಗವಿರುವ ಬೂಟನ್ನೇ ಆರಿಸಿ ಹುಟ್ಟುಹಬ್ಬಕ್ಕೆ ಕೊಟ್ಟೆ.

ಮರುದಿನ ಬೆಳಿಗ್ಗೆ ಅವಳು ಹಳೆಯದನ್ನೇ ಕಟ್ಟಿಕೊಳ್ಳುತ್ತಿದ್ದಳು. ಹೊಸದು ಡಬ್ಬಿ ಸಮೇತ ಊರಿನ ಸೂಟ್‌ಕೇಸ್ ಸೇರಿತ್ತು. ನಮ್ಮ ಮನೆಯಲ್ಲಿ ಚಂದದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಉಡುಪಿಯ ನೆಂಟರು ನೋಡಿದ ಮೇಲೆಯೇ ಠಾಣೆಯಲ್ಲಿ ಅದರ ಬಳಕೆ.

“ಇಲ್ಲಿ ಕೆಸರು ಮಗಾ. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಹಾಕ್ತೇನೆ.”

“ಊರಲ್ಲಿ ನೀನು ಓಡಿದ್ರೆ ನಾಯಿಗಳೆಲ್ಲ ಹಿಂದೆ ಬರ್ತಾವೆ ಮಾರಾಯ್ತಿ,” ಎಂದು ಅಪ್ಪ ನಕ್ಕರು.

ನನಗೆ ಮೈ ಉರಿಯಿತು. ಸೂಟ್‌ಕೇಸಿನಿಂದ ಬೂಟು ತೆಗೆದು, ಲಿಫ್ಟಿಗೂ ಕಾಯದೆ ಕೆಳಗಿಳಿದೆ. ನಮ್ಮ ವಸತಿ ಸೊಸೈಟಿಯ ಗೇಟಿನ ಬಳಿಯ ಕೆಸರಿನಲ್ಲಿ ಎರಡನ್ನೂ ಚೆನ್ನಾಗಿ ಒತ್ತಿ, ತಂದು ಅವಳ ಮುಂದಿಟ್ಟೆ.

“ಇನ್ನು ಇದು ಊರಿಗೆ ಆಗುವುದಿಲ್ಲ. ಹಾಕು.”

“ಹುಚ್ಚು ಹುಡುಗಿ,” ಎಂದು ಬೈಯುತ್ತಲೇ ಅಮ್ಮ ಒದ್ದೆ ಬಟ್ಟೆಯಿಂದ ಒರೆಸಿದಳು, ಹಾಕಿಕೊಂಡಳು, ಹಿಂತಿರುಗಿ ನೋಡದೆ ಓಡಲು ಹೋದಳು. ನನ್ನ ಸಿಟ್ಟು ಇಳಿದಿರಲಿಲ್ಲ. ಹಳೆಯ ಬೂಟನ್ನು ಕಸದ ಡಬ್ಬಿಗೆ ಎಸೆದೆ.