ಅಟ್ಟದಲ್ಲಿ ಇಲ್ಲದ ಓಲೆಗರಿ

ಮಕ್ಕಳೇ, ಮೊನ್ನೆ ನೀವು ತಂದ ಮಾಯಾಲೋಕದ ಕಥೆಪುಸ್ತಕ ಬಿಡಿಸಿದಾಗ ಹೊಸ ಕಾಗದದ ವಾಸನೆ ಬಂತು. ಈ ಕಥೆ ಪಾಳುಗುಡಿಯೊಂದರಲ್ಲಿ ಸಿಕ್ಕ ಓಲೆಗರಿಗಳಲ್ಲಿತ್ತು ಎಂದು ಮೊದಲ ಪುಟದಲ್ಲೇ ಬರೆದಿತ್ತು. ಓದಿದ್ದೇ ನನಗೆ ಮಹಡಿಮನೆಯ ಅಕ್ಕ ನೆನಪಾದರು.

ಆಗ ನಾವು ಮೂಡಲಪಾಳ್ಯದಲ್ಲಿ, ಮಾಲೀಕರ ತಾತನ ಕಾಲದ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮೇಲೆ ಅಕ್ಕ. ನಿಮ್ಮ ತಾತ ಕೆಲಸಕ್ಕೆ ಹೋದ ಮೇಲೆ ಅಕ್ಕ ಇಳಿದು ಬರುತ್ತಿದ್ದರು. ನಾನು ಅವರೆಕಾಯಿ ಸುಲಿಯುತ್ತಿದ್ದರೆ ಅವರು ಕೆರೆಯ ತಳದ ಊರು, ಅಲ್ಲಿ ನೆರಳುಗಳನ್ನು ಸಾಕುವ ರಾಣಿ... ಎಲ್ಲವನ್ನೂ ಬಾಯಲ್ಲೇ ಕಟ್ಟುತ್ತಿದ್ದರು. ಆಮೇಲೆ ಅದು ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಮೊದಲ ಕಂತಿನಲ್ಲಿ, 'ನಾವಿರುವ ಮನೆಯ ಅಟ್ಟದಲ್ಲಿ ಸಿಕ್ಕ ಓಲೆಗರಿಯ ಕಥೆ' ಎಂದು ಸೇರಿಸಿದ್ದರು.

"ಯಾಕಕ್ಕಾ ಹಾಗೆ ಬರೆದ್ರಿ?" ಎಂದೆ.

"ನನ್ನ ತಲೇಲಿ ಹುಟ್ಟಿದ್ದು ಅಂದ್ರೆ ಯಾರು ಓದ್ತಾರೆ ಕಣೇ? ಓಲೆಗರಿ ಅಂದ್ರೆ ಕಣ್ಣಿಗೊತ್ಕೊಂಡು ಓದ್ತಾರೆ!"

ಓದಿದವರಲ್ಲಿ ಮನೆಯ ಮಾಲೀಕರೂ ಇದ್ದರು. ಒಂದು ಬೆಳಿಗ್ಗೆ ಬಂದು ಮೆಟ್ಟಿಲ ಕೆಳಗೆ ನಿಂತರು. "ಅಟ್ಟ ನಮ್ದು ಅಂದ್ಮೇಲೆ ಅಲ್ಲಿ ಸಿಕ್ಕಿದ್ದೂ ನಮ್ದೇ ಅಲ್ವೇನಮ್ಮಾ? ನಮ್ಮ ತಾತ ಇಟ್ಟಿರೋದು. ದೇವರ ಮನೇಲಿಟ್ಟು ಪೂಜೆ ಮಾಡ್ತೀವಿ. ಭಾನುವಾರದೊಳಗೆ ಕೊಡಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಅಕ್ಕನಿಗೆ ಆ ಬಾಡಿಗೆಗೆ ಬೇರೆಲ್ಲೂ ಮನೆ ಸಿಗುವಂತಿರಲಿಲ್ಲ. ಗೇಟು ಸದ್ದಾದರೆ ಸಾಕು, ಇಬ್ಬರೂ ಬೆಚ್ಚುತ್ತಿದ್ದೆವು. ಕೊನೆಗೆ ನಾನೇ ಪಿಸುಗುಟ್ಟಿದೆ: "ನಮ್ಮೂರಲ್ಲಿ ಅಪ್ಪನ ಹತ್ರ ಜ್ಯೋತಿಷ್ಯದ ಓಲೆಗರಿ ಕಟ್ಟೊಂದಿದೆ. ಯಾರಿಗೂ ಓದಕ್ಕೆ ಬರಲ್ಲ. ಅದನ್ನೇ ಕೊಟ್ಬಿಡಿ ಅಕ್ಕಾ."

ಅಕ್ಕ ಹೇಳಿದರು: "ಕೊಡಬಹುದು. ಆಮೇಲೆ ನನ್ನ ರಾಣಿ ಅವರ ತಾತನ ಮಗಳಾಗ್ತಾಳೆ ಕಣೇ..."

ಭಾನುವಾರ ಮಾಲೀಕರು ಬಂದರು. ಅಕ್ಕ ಸೆರಗು ಬಿಗಿಹಿಡಿದು ಹೇಳಿದರು: "ಓಲೆಗರಿ ಸಿಕ್ಕೇ ಇಲ್ಲ ಸಾರ್. ಕಥೆ ನಾನೇ ಬರೆದಿದ್ದು."

"ಸಾರು ಕುದಿಸ್ಕೊಂಡು ಇಷ್ಟೆಲ್ಲಾ ನೀವು ಬರೆದ್ರಾ? ಯಾರ ಕಿವಿ ಮೇಲೆ ಹೂ ಇಡ್ತೀರಮ್ಮಾ?"

ಅಕ್ಕ ಕೆಂಗೇರಿಯಾಚೆ ಒಂಟಿ ಕೋಣೆಗೆ ಹೋದರು. ಅವರು ಹೋದ ದಿನವೇ ಮಾಲೀಕರು ಅಟ್ಟವನ್ನೆಲ್ಲ ತಡಕಾಡಿದರು. ಹರಿದ ಚಾಪೆಯೊಂದು ಸಿಕ್ಕಿತು. ಧಾರಾವಾಹಿಯೂ ನಿಂತಿತು. ರಾಣಿ ಕೊನೆಗೆ ಏನಾದಳೋ... ಕೇಳೋಣವೆಂದರೆ ಅಕ್ಕ ಈಗಿಲ್ಲ.

"ಅಜ್ಜಿ, ಪಾಳುಗುಡೀಲಿ ಆ ಓಲೆಗರಿ ನಿಜವಾಗ್ಲೂ ಸಿಕ್ತಾ?" ಎಂದು ನಿನ್ನೆ ಕೇಳಿದಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಿಕ್ಕಿರಲಿಕ್ಕಿಲ್ಲ ಮಕ್ಕಳೇ. ಒಲೆಯ ಮೇಲೆ ಸಾರಿಟ್ಟು, ಯಾರೋ ಕೂತು ಬರೆದಿರಬೇಕು.